ಮೊಳಕಾಲ್ಮೂರು ಸೀರೆ ಮತ್ತು ಹಿರಿಯರ ಉಡುಗೆ

ಚಳ್ಳಕೆರೆ ಸೀಮೆಗೆ ಹೊಂದಿಕೊಂಡಿರುವ ಮೊಳಕಾಲ್ಮೂರಿನ ಕೈಮಗ್ಗದ ರೇಷ್ಮೆ ಸೀರೆಯು ಹಿರಿಯ ಹೆಂಗಸರಿಗೆ ಒಪ್ಪುವಷ್ಟು ಚೆನ್ನಾಗಿ ಎಳೆಯರಿಗೂ ಒಪ್ಪುವುದಿಲ್ಲವೆಂದರೆ ಅತಿಶಯೋಕ್ತಿಯಾಗದು. ಇದರ ಕಾರಣವನ್ನು ನೇಯ್ಗೆಯಲ್ಲಿಯೇ ಹುಡುಕಬೇಕು. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗಳು ಹಾಸು, ಅವುಗಳ ನಡುವೆ ಅಡ್ಡಲಾಗಿ ಸಾಗುವ ಎಳೆ ಹೊಕ್ಕು, ಹೊಕ್ಕನ್ನು ಒಯ್ಯುವ ಸಾಧನ ಲಾಳಿ. ಒಂದೇ ಲಾಳಿಯಿಂದ ನೇಯ್ದರೆ ಒಡಲಿನ ಬಣ್ಣವು ಅಂಚಿನೊಳಕ್ಕೂ ಹರಿದು ಅದನ್ನು ಮಂಕಾಗಿಸುವುದರಿಂದ, ಒಡಲಿಗೊಂದು ಮತ್ತು ಎರಡು ಅಂಚುಗಳಿಗೆ ಒಂದೊಂದರಂತೆ ಮೂರು ಲಾಳಿಗಳನ್ನು ಬಳಸುವ ಪದ್ಧತಿಯಲ್ಲಿ ಅಂಚಿನ ಬಣ್ಣ ಕಲಬೆರಕೆಯಾಗದೆ ಉಳಿಯುತ್ತದೆ. ಶ್ರಮವೇನೋ ಹೆಚ್ಚು, ಬೆಲೆಯೂ ಹೆಚ್ಚು. ಆದರೆ ಜರಿ, ಅಂದರೆ ಲೋಹದ ಹೊಳಪಿನ ಎಳೆ, ಸೇರಿದ ಆ ಅಂಚಿನ ತೂಕವೇ ನೆರಿಗೆಗಳನ್ನು ಕೆಳಕ್ಕೆಳೆದು ನೇರವಾಗಿ ನಿಲ್ಲಿಸುವುದರಿಂದ, ಪದೇ ಪದೇ ಸೀರೆ ಸರಿಪಡಿಸಿಕೊಳ್ಳಲು ಬೇಸರಪಡುವ ವಯಸ್ಸಿನಲ್ಲಿ ಅದು ದೊಡ್ಡ ಅನುಕೂಲ.

ವಯಸ್ಸಾದವರು ಮಾಸಲು ಬಣ್ಣಗಳನ್ನೇ ಉಡಬೇಕೆಂಬ ರೂಢಿಗೆ ಸೌಂದರ್ಯದ ಆಧಾರವಿಲ್ಲ. ನರೆತ ಕೂದಲಿನ ಜೊತೆ ಗಾಢ ಹಸಿರು ಅಥವಾ ಕುಂಕುಮ ಬಣ್ಣದ ಒಡಲು, ಚಿಕ್ಕ ಬುಟ್ಟಾ, ಅಂದರೆ ಬಿಡಿಬಿಡಿಯಾಗಿ ನೇಯ್ದ ಹೂವಿನಾಕೃತಿ, ಎದ್ದು ಕಾಣುವಂತೆ ತಿಳಿಬಣ್ಣಗಳು ಕಾಣುವುದಿಲ್ಲ. ಇನ್ನು ಎತ್ತಿಡುವಾಗ, ಮಡಿಕೆಯ ಗೆರೆಯಲ್ಲಿ ಜರಿ ಮುರಿಯುವುದರಿಂದ ಸೀರೆಯನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿಟ್ಟು, ಆಗಾಗ ಬಿಚ್ಚಿ ಮಡಿಕೆ ಬದಲಿಸುವುದು ಅಗತ್ಯ. 2011ರಲ್ಲಿ ಈ ಸೀರೆಗೆ ಭೌಗೋಳಿಕ ಸೂಚಕ, ಅಂದರೆ ಊರಿನ ಹೆಸರನ್ನು ಕಾಪಾಡುವ ಕಾನೂನಿನ ಮಾನ್ಯತೆ, ದೊರೆತಿದ್ದು, ಕೊಳ್ಳುವವರು ಕೈಮಗ್ಗದ್ದೇ ಎಂದು ಖಚಿತಪಡಿಸಿಕೊಂಡು ಕೊಳ್ಳುವುದು ಒಳ್ಳೆಯದು.