ಬಾರ್ಬೆರಿಗೆ ತಂತಿಯೇಕೆ?

ಬಾರ್ಬೆರಿಯನ್ನು ಯಾವ ಕಾಲದಲ್ಲಿ ಸವರಬೇಕೆಂಬುದು ಈ ವಾರಕ್ಕೆ ಗೊತ್ತುಮಾಡಿದ್ದ ವಿಷಯ. ಆದರೆ ಹೇಗೆ ಸವರಬೇಕೆಂಬ ಹಳೆಯ ವ್ಯಾಜ್ಯವೇ ಇತ್ಯರ್ಥವಾಗದಿರುವಾಗ ಕಾಲದ ಮಾತು ತುಸು ಕಾಯಬಹುದು. 1775-76ರಲ್ಲಿ ಜಪಾನಿನಲ್ಲಿದ್ದ ಸ್ವೀಡನ್ನಿನ ಸಸ್ಯವಿಜ್ಞಾನಿ ಕಾರ್ಲ್ ಪೀಟರ್ ಥುನ್‌ಬರ್ಗ್‌ನ ಹೆಸರು ಹೊತ್ತಿರುವ ಜಪಾನಿ ಬಾರ್ಬೆರಿ, ಆಯುರ್ವೇದದ ದಾರುಹರಿದ್ರೆಯ ಕುಲಕ್ಕೇ ಸೇರಿದ ಪೊದೆ. ಕೊಂಬೆ ಕತ್ತರಿಸಿದಾಗ ಕಾಣುವ ಅರಿಶಿನ ಬಣ್ಣಕ್ಕೆ ಎರಡರಲ್ಲೂ ಬರ್ಬೆರಿನ್ ಎಂಬ ಸಸ್ಯಕ್ಷಾರವೇ ಕಾರಣ.

ತಂತಿ ಸುತ್ತಿ ಕೊಂಬೆ ಬಾಗಿಸುವುದೇ ಬೊನ್ಸಾಯ್ ವಿದ್ಯೆಯ ಸರ್ವಸ್ವವೆಂದು ನಂಬಿದವರು ಈ ಗಿಡದ ಮುಂದೆ ಸೋಲುತ್ತಾರೆ. ಎಳೆಯ ಹಸಿರು ಕುಡಿ ಒಂದಿಷ್ಟು ಬಾಗುತ್ತದೆಯಾದರೂ ಬಲಿತ ಕೊಂಬೆ ಪೆಡಸಾಗಿ, ಬಲವಂತ ಮಾಡಿದರೆ ಲಟಕ್ಕನೆ ಮುರಿಯುತ್ತದೆ. ತಂತಿಗೆ ಎಡೆಮಾಡಿಕೊಡಲು ಮುಳ್ಳುಗಳನ್ನೆಲ್ಲ ಕಿತ್ತುಹಾಕುವ ಪದ್ಧತಿಯಂತೂ ಅವಿವೇಕದ ಪರಾಕಾಷ್ಠೆ. ಬಾರ್ಬೆರಿಯ ಮುಳ್ಳು ಗುಲಾಬಿಯದರಂತೆ ತೊಗಟೆಯ ಮೇಲಿನ ಚೂಪಲ್ಲ, ರೂಪಾಂತರ ಹೊಂದಿದ ಎಲೆ. ಎಲೆಯ ಕಂಕುಳಲ್ಲಿ ಮೊಗ್ಗಿರುವಂತೆ ಪ್ರತಿ ಮುಳ್ಳಿನ ಕಂಕುಳಲ್ಲೂ ಮೊಗ್ಗಿದ್ದು, ಅದು ಗಿಡ್ಡಕುಡಿಯಾಗಿ, ಎಂದರೆ ಉದ್ದಕ್ಕೆ ಬೆಳೆಯದೆ ಎಲೆಗೊಂಚಲನ್ನು ಹೊರುವ ಮೊಟಕು ಕವಲಾಗಿ, ನಿಲ್ಲುತ್ತದೆ. ಆದ್ದರಿಂದ ಕೊಂಬೆ ಯಾವ ದಿಕ್ಕಿಗೆ ಹೊರಳಬೇಕೋ ಆ ದಿಕ್ಕಿನ ಮುಳ್ಳಿನಿಂದ ತುಸು ಮೇಲಕ್ಕೆ ಕತ್ತರಿ ಇಟ್ಟರೆ, ಮುಂದಿನ ಕುಡಿ ಬಹುಮಟ್ಟಿಗೆ ಅತ್ತಲೇ ಹೊರಡುತ್ತದೆ.

ಈ ಕತ್ತರಿಯ ಮಾರ್ಗವನ್ನು ಶಾಸ್ತ್ರದ ಮಟ್ಟಕ್ಕೆ ಏರಿಸಿದ್ದು ದಕ್ಷಿಣ ಚೀನಾದ ಲಿಂಗ್ನಾನ್ ಪಂಥ. ಗುವಾಂಗ್‌ಝೌನ ಕೊಂಗ್ ತೈಚು ಮುಂತಾದವರು ಇಪ್ಪತ್ತನೇ ಶತಮಾನದಲ್ಲಿ ಬೆಳೆಸಿದ ಈ ಕ್ರಮದಲ್ಲಿ, ಕೊಂಬೆಯನ್ನು ಬೇಕಾದ ದಪ್ಪ ಬರುವವರೆಗೆ ಸ್ವೇಚ್ಛೆಯಾಗಿ ಬೆಳೆಯಬಿಟ್ಟು, ಬುಡದ ಬಳಿ ಮೊಟಕುಗೊಳಿಸಿ, ಅಲ್ಲಿಂದ ಹೊಮ್ಮಿದ ಕುಡಿಗೂ ಅದೇ ಸಂಸ್ಕಾರ ಮಾಡುತ್ತ ಹೋಗಲಾಗುತ್ತದೆ. ಹಂತಹಂತಕ್ಕೂ ಸಪೂರವಾಗುತ್ತ, ಕೋನಕೋನವಾಗಿ ತಿರುಗುವ ಕೊಂಬೆ ಹೀಗೆ ಸಿದ್ಧವಾಗುತ್ತದೆ. ಇದರ ಆದರ್ಶವನ್ನು ಕಾಣಬೇಕಾದವರು, ವಾಂಗ್ ಗೈ ಸಂಕಲಿಸಿದ, ಮೊದಲ ಭಾಗ 1679ರಲ್ಲಿ ಹೊರಬಂದ ‘ಸಾಸಿವೆಕಾಳಿನ ತೋಟ’ದ ಚಿತ್ರಕಲಾ ಕೈಪಿಡಿಯನ್ನು ತಿರುವಿಹಾಕಬೇಕು. ಮರ ಬರೆಯಲು ಕಲಿಯುವವನು ಎಲೆಯ ಗೋಜಿಗೆ ಹೋಗದೆ ಮೊದಲು ಬೋಳುಕೊಂಬೆಗಳನ್ನೇ ಅಭ್ಯಾಸ ಮಾಡಬೇಕೆಂಬುದು, ಕೊಂಬೆಗಳು ಎಡಬಲಕ್ಕಷ್ಟೇ ಅಲ್ಲದೆ ಹಿಂದಕ್ಕೂ ಮುಂದಕ್ಕೂ ಚಾಚಬೇಕೆಂಬುದು ಅದರ ಪಾಠಗಳ ಸಾರ. ಮೇಲ್ಮುಖವಾದ ಜಿಂಕೆಕೊಂಬಿನ ಮಾದರಿಯನ್ನೂ ಕೆಳಬಾಗಿದ ಏಡಿಕೊಂಡಿಯ ಮಾದರಿಯನ್ನೂ ಅದು ಬಿಡಿಸಿ ತೋರಿಸುತ್ತದೆ. ಚಳಿಗಾಲದಲ್ಲಿ ಎಲೆಯುದುರಿದ ಬಾರ್ಬೆರಿಯ ಪಕ್ಕದಲ್ಲಿ ಆ ಪುಟಗಳನ್ನು ತೆರೆದಿಟ್ಟರೆ ತಂತಿಯ ಸುರುಳಿ ತಾನಾಗಿಯೇ ಡಬ್ಬಿಗೆ ಮರಳುತ್ತದೆ. ಬುಡದಿಂದ ಹಲವು ಕಾಂಡ ಎಬ್ಬಿಸುವುದು ಈ ಪೊದೆಯ ಸ್ವಭಾವವಾದುದರಿಂದ, ಒಂಟಿ ಕಾಂಡದ ಹಟಕ್ಕಿಂತ ಗುಂಪುಕಾಂಡದ ಶೈಲಿಯೇ ಇದಕ್ಕೆ ಒಪ್ಪುತ್ತದೆ. ಕೆಂಪೆಲೆಯ ಕುಬ್ಜ ತಳಿಗಳ ಈಚಿನ ಮೋಹದ ಬಗ್ಗೆ ಹೇಳಬೇಕಾದುದು ಇಷ್ಟೇ: ಅವುಗಳಲ್ಲಿ ಬಣ್ಣವಿದೆ, ಕಾಂಡವಿಲ್ಲ.

ಇನ್ನು ಕಾಲದ ಪ್ರಶ್ನೆ. ಹೂವು ಹಿಂದಿನ ವರ್ಷದ ಕೊಂಬೆಯ ಗಿಡ್ಡಕುಡಿಗಳಲ್ಲಿ ಬಿಡುವುದರಿಂದ ಚಳಿಗಾಲದಲ್ಲಿ ಬಿಗಿಯಾಗಿ ಸವರಿದರೆ ವಸಂತದ ಹಳದಿ ಹೂವು ಹೋಗುತ್ತದೆ. ಹೂವು ಮುಗಿದ ಮೇಲೆ ಸವರಿದರೆ ಕೆಂಪು ಹಣ್ಣು ಹೋಗುತ್ತದೆ. ಹಣ್ಣಿನ ಮೋಹವನ್ನು ಬಿಡುವುದಕ್ಕೆ ಬೇರೆ ಕಾರಣವೂ ಉಂಟು. ಗೋಧಿಯ ಕಾಂಡಕ್ಕೆ ತಗಲುವ ತುಕ್ಕುರೋಗದ ಶಿಲೀಂಧ್ರ ತನ್ನ ಬಾಳಿನ ಒಂದು ಘಟ್ಟವನ್ನು ಯುರೋಪಿನ ಸಾಮಾನ್ಯ ಬಾರ್ಬೆರಿಯ ಮೇಲೆ ಕಳೆಯುತ್ತದೆಂದು ಜರ್ಮನಿಯ ಆಂಟನ್ ಡಿ ಬಾರಿ 1865ರಲ್ಲಿ ತೋರಿಸಿಕೊಟ್ಟ. ಅಮೆರಿಕ 1918ರಲ್ಲಿ ಆ ಪ್ರಭೇದದ ನಿರ್ಮೂಲನಕ್ಕೆ ಕೈಹಾಕಿತು. ಜಪಾನಿ ಬಾರ್ಬೆರಿ ಈ ರೋಗವನ್ನು ಬಹುಮಟ್ಟಿಗೆ ತಡೆದುಕೊಳ್ಳುವುದರಿಂದ ಪಾರಾಯಿತು, ಅಷ್ಟೇ ಅಲ್ಲ, ಹಕ್ಕಿಗಳು ಹಣ್ಣು ತಿಂದು ಬೀಜ ಹರಡಿದ ಪರಿಣಾಮವಾಗಿ ಅಲ್ಲಿನ ಪೂರ್ವದ ಕಾಡುಗಳನ್ನೇ ಆಕ್ರಮಿಸಿಕೊಂಡಿತು. ಅಂಥ ಪ್ರದೇಶಗಳಲ್ಲಿ ಇದನ್ನು ಕುಂಡದಲ್ಲಿಟ್ಟುಕೊಂಡವರು ಕಾಯಿ ಬಲಿಯುವ ಮುನ್ನವೇ ಅದನ್ನು ತೆಗೆಯಬೇಕಾದ್ದರಿಂದ, ಅವರ ಮಟ್ಟಿಗೆ ಕತ್ತರಿ ಹಿಡಿಯುವ ಕಾಲ ಹೂವು ಬಾಡಿದ ವಾರವೇ.