ಅಂಗೈಯ ಮೇಲಿನ ಹೆಟ್ಜರ್

ಹೆಟ್ಜರ್‌ನ ಈ ಪುಟ್ಟ ಪ್ಲಾಸ್ಟಿಕ್ ಮಾದರಿಯನ್ನು ಜೋಡಿಸಿ ಮುಗಿಸಲು ನನಗೆ ನಮ್ಮೂರು ದರ್ಬೆಯ ಒಂದಿಡೀ ಮಳೆಗಾಲ ಹಿಡಿಯಿತು. ಆಟಿ ತಿಂಗಳ ತೇವದಲ್ಲಿ ಬಣ್ಣ ಒಣಗಬೇಕಲ್ಲ!

ಹೆಟ್ಜರ್ 1944ರಲ್ಲಿ ಜರ್ಮನ್ ಸೇನೆಗಾಗಿ ಝೆಕ್ ಕಾರ್ಖಾನೆಗಳಲ್ಲಿ ತಯಾರಾದ ಟ್ಯಾಂಕ್ ನಾಶಕ. ತಿರುಗುವ ಗೋಪುರವಿಲ್ಲ. 75 ಮಿ.ಮೀ. ಫಿರಂಗಿ ಒಡಲಿನಲ್ಲೇ ಕೂತಿದೆ, ಅದೂ ನಡುವಿನಲ್ಲಲ್ಲ, ಬಲಕ್ಕೆ ಸರಿದು. ಎಡಕ್ಕೆ 5 ಡಿಗ್ರಿ, ಬಲಕ್ಕೆ 11 ಡಿಗ್ರಿ, ಅಷ್ಟೇ ಅದರ ಹೊರಳು. ಮೇಜಿನ ಮೇಲಿನ ಯುದ್ಧದಾಟದಲ್ಲೂ ಶತ್ರು ಪಕ್ಕದಿಂದ ಬಂದರೆ ಇಡೀ ಗಾಡಿಯನ್ನೇ ತಿರುಗಿಸಬೇಕು. ಪೊದೆಯ ಮರೆಯಲ್ಲಿ ಇದನ್ನು ಹೊಂಚಿಗೆ ಕೂರಿಸುವುದರಲ್ಲೇ ಆಟಗಾರನ ಜಾಣ್ಮೆ.

1:72ರ ಅಳತೆಯಲ್ಲಿ ಇದರ ಎತ್ತರ ಮೂರೇ ಸೆಂಟಿಮೀಟರ್. ನಳಿಗೆಯ ತುದಿಯನ್ನು ಸೂಜಿಮೊನೆಯಿಂದ ಕೊರೆದಾಗ ಅದಕ್ಕೆ ಜೀವ ಬಂತು. ಕಡುಹಳದಿಯ ಮೇಲೆ ಹಸಿರು, ಕೆಂಗಂದು ಪಟ್ಟೆಗಳು. ನೀರಾಗಿಸಿದ ಕಂದು ಬಣ್ಣವನ್ನು ಸಂದುಗಳಿಗೆ ಇಳಿಬಿಟ್ಟು, ಒಣ ಕುಂಚವನ್ನು ಅಂಚುಗಳಿಗೆ ಸವರಿದರೆ ಒಂದೊಂದು ಮೊಳೆಯ ತಲೆಯೂ ಎದ್ದು ಕಾಣುತ್ತದೆ. ಚಕ್ರಪಟ್ಟಿಗೆ ಅಂಗಳದ ಮುರಕಲ್ಲಿನ ಪುಡಿಯನ್ನೇ ಸೋಸಿ ಹಚ್ಚಿದೆ. ಅಂಗಡಿಯ ಯಾವ ಬಣ್ಣವೂ ಅದಕ್ಕೆ ಸಾಟಿಯಲ್ಲ.

ನಿಜವಾದ ಟ್ಯಾಂಕನ್ನು ಹತ್ತಿರದಿಂದ ನೋಡಬೇಕೆಂದರೆ ದರ್ಬೆಯಿಂದ ಸುಳ್ಯ, ಸಂಪಾಜೆ ದಾಟಿ ಮಡಿಕೇರಿಯ ಜನರಲ್ ತಿಮ್ಮಯ್ಯ ಸಂಗ್ರಹಾಲಯಕ್ಕೆ ಹೋಗಿ. ಮಕ್ಕಳನ್ನೂ ಕರೆದೊಯ್ಯಿರಿ.