ಕೊಪ್ಪದ ಜ್ವರಕ್ಕೆ ಅಮೆರಿಕದ ನೆನಪು

"ಪ್ಲೀಸ್ ಶೈನ್ ಮೈ ಸ್ಕೀಸ್." ಎಂಬಿಬಿಎಸ್ ಓದ್ತಿರೋರು ಯಾರಾದರೂ ಪರಿಚಯದಲ್ಲಿದ್ದರೆ ಕೇಳಿ ನೋಡಿ, ಈ ಸೂತ್ರ ಗೊತ್ತಿರುತ್ತೆ. ಇದರ ಇಂಗ್ಲಿಷ್ ಅಕ್ಷರಗಳಲ್ಲಿ ಎಂಟು ಬ್ಯಾಕ್ಟೀರಿಯಾಗಳು ಅಡಗಿವೆ. ಸ್ಯೂಡೋಮೊನಾಸ್, ನ್ಯುಮೋನಿಯಾ ತರುವ ಸ್ಟ್ರೆಪ್ಟೊಕಾಕಸ್, ಹೀಮೋಫಿಲಸ್, ನೈಸೀರಿಯಾ, ಇ. ಕೋಲೈ, ಸಾಲ್ಮೊನೆಲ್ಲಾ, ಕ್ಲೆಬ್ಸಿಯೆಲ್ಲಾ, ಗ್ರೂಪ್ ಬಿ ಸ್ಟ್ರೆಪ್ಟೊಕಾಕಸ್. ಎಲ್ಲವೂ ಮೈಮೇಲೆ ಲೋಳೆಯ ಕವಚ ಹೊದ್ದವು. ಗುಲ್ಮ ತೆಗೆಸಿಕೊಂಡವರಿಗೆ ಇಂಥವು ತುಂಬಾ ಅಪಾಯ, ಹಾಗಾಗಿ ಪಟ್ಟಿ ಬಾಯಿಗೆ ಬರಲೇಬೇಕು.

ಅಕ್ಕನ ಮಗಳು ಮೈಕ್ರೋಬಯಾಲಜಿ ಓದುತ್ತಾ ನಮ್ಮನೆಯಲ್ಲಿ ಒಂದು ತಿಂಗಳಿದ್ದಳು. "ಮಾಮ, ಸ್ಕೀ ಅಂದ್ರೇನು ಅಂತ ನೆನಪಿಡೋಕೆ ಇನ್ನೊಂದು ಸೂತ್ರ ಬೇಕು" ಅಂದಳು. ಕೊಪ್ಪದಲ್ಲಿ ಬೆಳೆದವಳು, ಹಿಮ ನೋಡಿದ್ದು ಸಿನಿಮಾದಲ್ಲಿ ಮಾತ್ರ. ಅವಳ ಪುಸ್ತಕ, ವಿಡಿಯೋಗಳನ್ನು ನಾನೂ ತಿರುವಿಹಾಕಿದೆ. ನಾನು ಡಾಕ್ಟರಲ್ಲ. ಆದರೆ ಮಾಹಿತಿಯನ್ನು ಎಲ್ಲಿಡಬೇಕು, ಬೇಕಾದಾಗ ಹೇಗೆ ಹುಡುಕಬೇಕು ಅನ್ನೋದು ನನ್ನ ಹೊಟ್ಟೆಪಾಡು. ಆ ಕಣ್ಣಿಂದ ನೋಡಿ ಬರೀತಿದ್ದೀನಿ.

ನೆನಪಿನ ಸೂತ್ರ ಅಳೆಯೋಕೆ ನಮ್ಮಲ್ಲೇ ಎರಡು ಒಳ್ಳೆಯ ಅಳತೆಗೋಲುಗಳಿವೆ. ಒಂದು, ಹೈಸ್ಕೂಲಿನ ಕನ್ನಡ ಮೇಷ್ಟ್ರು ಕಲಿಸಿದ ಯಮಾತಾರಾಜಭಾನಸಲಗಂ. ಯಗಣ ಬೇಕಾ? 'ಯ'ದಿಂದ ಮೂರಕ್ಷರ ತಗೊಳ್ಳಿ: ಯಮಾತಾ. ಲಘು, ಗುರು, ಗುರು. ಅದೇ ಯಗಣ. ಹತ್ತು ಅಕ್ಷರದಲ್ಲಿ ಎಂಟು ಗಣ, ಹೆಸರೂ ಅಲ್ಲೇ, ನಿಯಮವೂ ಅಲ್ಲೇ. ಇನ್ನೊಂದು, ಶೃಂಗೇರಿಯಂಥ ಕಡೆ ವೇದ ಕಲಿಯುವವರ ಘನಪಾಠ. ಒಂದು-ಎರಡು, ಎರಡು-ಒಂದು, ಒಂದು-ಎರಡು-ಮೂರು, ಮೂರು-ಎರಡು-ಒಂದು, ಒಂದು-ಎರಡು-ಮೂರು ಅಂತ ಪದಗಳು ಮುಂದಕ್ಕೂ ಹಿಂದಕ್ಕೂ ಓಡಾಡುತ್ತವೆ. ಅಂದರೆ ಒಳ್ಳೆಯ ಸೂತ್ರದ ಒಳಗೆ ವಿಷಯದ ನಿಯಮ ಇರಬೇಕು, ಅದು ಎರಡೂ ದಿಕ್ಕಿಗೆ ಓಡಬೇಕು.

ಮೊದಲ ಅಳತೆಯಲ್ಲೇ ಸ್ಕೀ ಸೂತ್ರ ಬಿದ್ದುಹೋಗುತ್ತೆ. ಸ್ಕೀಗೂ ಕವಚಕ್ಕೂ ಸಂಬಂಧವೇ ಇಲ್ಲ. ಇಲ್ಲಿ ಗೆಲ್ಲೋದು ಗ್ಲ್ಯಾಡ್‌ವಿನ್ ಮತ್ತು ಟ್ರ್ಯಾಟ್ಲರ್ ಬರೆದ 'ಕ್ಲಿನಿಕಲ್ ಮೈಕ್ರೋಬಯಾಲಜಿ ಮೇಡ್ ರಿಡಿಕ್ಯುಲಸ್ಲಿ ಸಿಂಪಲ್'. ಕಾರ್ಟೂನ್ ಪುಸ್ತಕ ಅಂತ ಕಾಲೇಜುಗಳಲ್ಲಿ ಹೆಸರಾಗಿದ್ದರೂ ಅದು ಶುರುವಾಗೋದು ಗ್ರಾಂ ಸ್ಟೇನ್ ಮತ್ತು ಕೋಶಗೋಡೆಯ ರಚನೆಯಿಂದ. ಗ್ರಾಂ ಪಾಸಿಟಿವ್‌ಗೆ ಗೋಡೆ ದಪ್ಪ. ನೇರಳೆ ಬಣ್ಣ ಹಿಡಿದರೆ ಆಲ್ಕೋಹಾಲಲ್ಲಿ ತೊಳೆದರೂ ಹೋಗಲ್ಲ, ನೇರಳೆಹಣ್ಣು ತಿಂದ ನಾಲಿಗೆಯ ಹಾಗೆ. ಗ್ರಾಂ ನೆಗೆಟಿವ್‌ಗೆ ಗೋಡೆ ತೆಳು, ನೇರಳೆ ತೊಳೆದುಹೋಗಿ ಆಮೇಲೆ ಹಾಕಿದ ಗುಲಾಬಿ ಬಣ್ಣ ಉಳಿಯುತ್ತೆ. ಇಷ್ಟು ಅರ್ಥವಾದರೆ ಬಾಯಿಪಾಠದ ಅರ್ಧ ಹೊರೆ ಇಳಿಯಿತು.

ಎರಡನೇ ಅಳತೆ ಕಷ್ಟದ್ದು. ಅಮೆರಿಕದ ಮೆಡಿಕಲ್ ವಿದ್ಯಾರ್ಥಿಗಳೇ ಶುರುಮಾಡಿದ 'ಸ್ಕೆಚಿ' ವಿಡಿಯೋಗಳನ್ನು ತಗೊಳ್ಳಿ. ಒಂದು ಬ್ಯಾಕ್ಟೀರಿಯಾಕ್ಕೆ ಒಂದು ಚಿತ್ರ, ಅದರ ಮೂಲೆಮೂಲೆಯಲ್ಲೂ ಒಂದೊಂದು ಲಕ್ಷಣದ ಗುರುತು. ಕಣ್ಣಿಗೆ ಕಟ್ಟುತ್ತೆ, ಸುಳ್ಳಲ್ಲ. ಆದರೆ ಬಾಗಿಲು ಒಂದೇ: ಬ್ಯಾಕ್ಟೀರಿಯಾದ ಹೆಸರು ಹೇಳಿದರೆ ಲಕ್ಷಣ ಸಿಗುತ್ತೆ. ರೋಗಿ ಬರೋದು ಉಲ್ಟಾ ದಿಕ್ಕಿನಿಂದ. ಅವರ ಹತ್ತಿರ ಇರೋದು ಲಕ್ಷಣ, ಬೇಕಾಗಿರೋದು ಹೆಸರು. ಟೆಲಿಫೋನ್ ಡೈರೆಕ್ಟರಿಯಲ್ಲಿ ನಂಬರ್ ಹಿಡಿದುಕೊಂಡು ಹೆಸರು ಹುಡುಕಿದ ಹಾಗೆ. 'ಕಾರ್ಸ್' ಅನ್ನೋ ಸೂತ್ರ ಮಾತ್ರ ಇಲ್ಲಿ ಸರಿಯಾದ ದಿಕ್ಕಲ್ಲಿದೆ. ಅಂಗೈ ಅಂಗಾಲಲ್ಲಿ ದದ್ದು ಕಂಡರೆ ಕಾಕ್ಸಾಕಿ ಎ, ರಿಕೆಟ್ಸಿಯಾ, ಸಿಫಿಲಿಸ್ ಅಂತ ಯೋಚಿಸಿ. ಕಾರು ಓಡಿಸೋದೂ ಕೈಕಾಲಿಂದಲೇ ತಾನೆ! ಬೇಜಾರೆಂದರೆ, ಆ ರಿಕೆಟ್ಸಿಯಾ ಅಮೆರಿಕ ಖಂಡಗಳ ರಾಕಿ ಮೌಂಟನ್ ಜ್ವರದ್ದು. ನಮ್ಮ ಕಾಡಿನದಲ್ಲ.

ಹಾಗಾದರೆ ನಮ್ಮ ಜ್ವರಗಳ ನೆನಪು ಎಲ್ಲಿದೆ? ಕನ್ನಡದ ಹೆಸರುಗಳಲ್ಲೇ ಇದೆ, ಅದೂ ಅರೆಬರೆ. 'ಇಲಿ ಜ್ವರ' ಅಂದಕೂಡಲೇ ಇಲಿ ನೆನಪಾಗುತ್ತೆ. ಆದರೆ ಲೆಪ್ಟೊಸ್ಪೈರಾ ದನ, ನಾಯಿ, ಹಂದಿಗಳ ಉಚ್ಚೆಯಲ್ಲೂ ಬರುತ್ತೆ. ನೀರಿನಲ್ಲಿ, ಕೆಸರಲ್ಲಿ ಬದುಕಿದ್ದು ಒಡೆದ ಹಿಮ್ಮಡಿಯಿಂದ ಒಳಗೆ ಹೋಗುತ್ತೆ. "ಮನೇಲಿ ಇಲಿ ಇದೆಯಾ?" ಅಂತ ಕೇಳಿದರೆ ಇಲ್ಲ ಅಂತಾರೆ. "ಮಳೇಲಿ ತೋಟದ ಬಸಿಗಾಲುವೆ ಬಿಡಿಸಿದ್ರಾ? ಗದ್ದೆಗಿಳಿದಿದ್ರಾ?" ಅಂತ ಕೇಳಬೇಕು. ಈ ಬ್ಯಾಕ್ಟೀರಿಯಾದ ಪೂರ್ತಿ ಹೆಸರಲ್ಲಿ 'ಇಂಟರೋಗನ್ಸ್' ಅಂತ ಇದೆ. ತುದಿ ಬಾಗಿ ಪ್ರಶ್ನಾರ್ಥಕ ಚಿಹ್ನೆಯ ಹಾಗೆ ಕಾಣೋದರಿಂದ ಬಂದ ಹೆಸರು. ಪ್ರಶ್ನೆ ಕೇಳಿ ಅಂತ ಅದೇ ಹೇಳ್ತಿದೆ!

'ಮಂಗನ ಕಾಯಿಲೆ'ಯದೂ ಇದೇ ಕತೆ. ಇದು ಬ್ಯಾಕ್ಟೀರಿಯಾ ಅಲ್ಲ, ವೈರಸ್. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಾಗಿದ್ದು ಈಚೆಗೆ ಕೊಪ್ಪ, ಶೃಂಗೇರಿ, ನರಸಿಂಹರಾಜಪುರದಲ್ಲೂ ಕಾಣಿಸಿಕೊಂಡಿದೆ. ಹೆಸರು ಮಂಗನದು, ಕಚ್ಚಿ ಹರಡೋದು ಉಣುಗು. ಮಂಗವನ್ನೇ ನೋಡಿಲ್ಲ ಅನ್ನೋರು ದರಗು ಗುಡಿಸೋಕೆ ಕಾಡಿಗೆ ಹೋಗಿರಬಹುದು.

ಮೂರನೆಯದು ಸ್ಕ್ರಬ್ ಟೈಫಸ್. ಇದಕ್ಕೆ ನೆನಪಲ್ಲುಳಿಯೋ ಕನ್ನಡ ಹೆಸರೇ ಬಳಕೆಗೆ ಬಂದಿಲ್ಲ. ಪೊದೆ, ಹುಲ್ಲಲ್ಲಿರೋ ಚಿಗ್ಗರ್ ಅನ್ನೋ ಸೂಜಿಮೊನೆಯಷ್ಟು ಹುಳ ಕಚ್ಚಿದಲ್ಲಿ ಬೀಡಿಯಿಂದ ಸುಟ್ಟಂಥ ಕಪ್ಪು ಕಲೆ ಬೀಳಬಹುದು, ಹೆಚ್ಚಾಗಿ ಕಂಕುಳು, ಸೊಂಟ, ತೊಡೆಸಂದಿನಲ್ಲಿ. ನೋಯಲ್ಲ, ಹಾಗಾಗಿ ರೋಗಿ ಹೇಳೋದೂ ಇಲ್ಲ. ಪೆನ್ಸಿಲಿನ್ ಲೆಪ್ಟೊಗೆ ಕೆಲಸ ಮಾಡುತ್ತೆ, ಸ್ಕ್ರಬ್ ಟೈಫಸ್‌ಗೆ ಮಾಡಲ್ಲ. ಡಾಕ್ಸಿಸೈಕ್ಲಿನ್ ಎರಡಕ್ಕೂ ಆಗುತ್ತೆ, ಮಂಗನ ಕಾಯಿಲೆಗೆ ಅದೂ ಇಲ್ಲ. ಹೆಸರು ತಡವಾಗಿ ಹೊಳೆದರೆ ಕಿಡ್ನಿ, ಶ್ವಾಸಕೋಶ ಕಾಯ್ತಾ ಕೂರಲ್ಲ.

ಸ್ಕೀ ಬದಲು ಮೂರು 'ತ' ಸಾಕು: ತಿಂಗಳು, ತೋಟ, ತೊಡೆಸಂದು. ತಿಂಗಳು ಯಾವುದು? ಮಳೆಗಾಲವಾದರೆ ಲೆಪ್ಟೊ, ಮಳೆ ಮುಗಿದು ಚಳಿ ಹಿಡಿಯುವಾಗ ಸ್ಕ್ರಬ್, ಡಿಸೆಂಬರಿನಿಂದ ಮೇವರೆಗೆ ಮಂಗನ ಕಾಯಿಲೆ ಮೊದಲು ತಲೆಗೆ ಬರಲಿ. ತೋಟದಲ್ಲೋ ಗದ್ದೆಯಲ್ಲೋ ಕಾಡಲ್ಲೋ, ಕೆಲಸ ಎಲ್ಲಿ? ತೊಡೆಸಂದು, ಕಂಕುಳು ಬಟ್ಟೆ ಸರಿಸಿ ನೋಡಿದ್ರಾ? ಕಾಲಗಳು ಒಂದರ ಮೇಲೊಂದು ಹಾಯುತ್ತವೆ, ಕೊನೇ ಮಾತು ರಕ್ತಪರೀಕ್ಷೆಯದೇ. ಆದರೆ ಯಾವ ಪರೀಕ್ಷೆಗೆ ಬರೀಬೇಕು ಅನ್ನೋದು ಮೊದಲು ಡಾಕ್ಟರ ತಲೆಗೆ ಬರಬೇಕಲ್ಲ.